ಹಿರಿಯರು ಬಿಟ್ಟುಹೋದ ಲಾರಿಯ ಎಂಜಿನ್ ಬಿಚ್ಚುವ ಮುನ್ನ

ಎಂಜಿನ್ ಕೆಲಸಕ್ಕೆ ಹೊಸಬರಾದವರು ಸ್ಪ್ಯಾನರ್ ಹಿಡಿಯುವ ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಏರುವ ಒತ್ತಡ) ಅಳೆದು ಬರೆದಿಟ್ಟುಕೊಳ್ಳಬೇಕು. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಅಡಿ ಸೋರದಂತೆ ಇಡುವ ತೆಳು ಹಾಳೆ) ಸುಟ್ಟಿರುವ ಸಂಭವವೇ ಹೆಚ್ಚು, ಆಗ ಇಡೀ ಎಂಜಿನ್ ಇಳಿಸಬೇಕಾಗಿ ಬರುವುದು ಅಪರೂಪ.

ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿ ಕಳಚಿ, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಬಸಿದು, ಹೆಡ್ ಬೋಲ್ಟುಗಳನ್ನು ತುದಿಗಳಿಂದ ನಡುವಿನತ್ತ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ವಾಲ್ವು ತೆರೆಯಲು ನೂಕುವ ಕಡ್ಡಿಗಳಾದ ಪುಶ್‌ರಾಡುಗಳನ್ನು ಸಂಖ್ಯೆ ಬರೆದ ರಟ್ಟಿನ ತೂತುಗಳಲ್ಲಿ ಅದೇ ಕ್ರಮದಲ್ಲಿ ಚುಚ್ಚಿಡಬೇಕು. ನೆನಪನ್ನು ನಂಬಿ ನಾನು ಒಂದು ಇಡೀ ಸಂಜೆಯನ್ನು ಕಳೆದುಕೊಂಡಿದ್ದೇನೆ. ಹೆಡ್ಡಿನ ಅಡಿಮೈಯನ್ನು ಒರೆಸಿ ಉಕ್ಕಿನ ನೇರಪಟ್ಟಿಯನ್ನು ಮೂಲೆಯಿಂದ ಮೂಲೆಗಿಟ್ಟಾಗ, ಅದರಡಿ ಕೈಪಿಡಿಯ ಮಿತಿಗಿಂತ ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ನುಸುಳಿದರೆ, ಮೈ ಸಮಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ವ್ಯರ್ಥ. ಮರಳಿ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಬಿಗಿತ ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದ, ಹಂತಹಂತವಾಗಿ ಸಾಗಬೇಕು.