ಒಂದು ಮೊಬೈಲು, 40 ಕಾರ್ಡು: ಇಡೀ ತರಗತಿ ಉತ್ತರಿಸುವಂತೆ ಮಾಡುವುದು ಹೇಗೆ?

ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಪ್ರೌಢಶಾಲೆಗಳಿಗೆ ಸ್ಮಾರ್ಟ್ ಟಿವಿ ಬಂದಿದೆ. ಆದರೆ ಪ್ರಶ್ನೆ ಕೇಳಿದರೆ ಕೈ ಎತ್ತುವವರು ಈಗಲೂ ಮುಂದಿನ ಬೆಂಚಿನ ನಾಲ್ಕೈದು ಮಂದಿಯೇ. ಎಲ್ಲರಿಂದ ಒಮ್ಮೆಗೇ ಉತ್ತರ ಪಡೆಯಲು ಟ್ಯಾಬ್ ಬೇಕಿಲ್ಲ. ಶಿಕ್ಷಕರ ಒಂದು ಸ್ಮಾರ್ಟ್‌ಫೋನು, ಪ್ಲಿಕರ್ಸ್ ಎಂಬ ಆ್ಯಪ್, ಮುದ್ರಿಸಿದ ಕಾರ್ಡುಗಳಿದ್ದರೆ ಸಾಕು. ಮಕ್ಕಳು ಎತ್ತಿದ ಕಾರ್ಡುಗಳನ್ನು ಫೋನಿನ ಕ್ಯಾಮೆರಾದಿಂದ ಓದಿ, ಯಾರ ಉತ್ತರ ಯಾವುದೆಂದು ಆ್ಯಪ್ ದಾಖಲಿಸುತ್ತದೆ. ಇದು ವರ್ಷಪೂರ್ತಿ ನಡೆಯುತ್ತದೋ, ತಿಂಗಳೊಳಗೆ ಬೀರು ಸೇರುತ್ತದೋ ಎಂಬುದು ಮಾತ್ರ ಮುಖ್ಯೋಪಾಧ್ಯಾಯರ (ಎಚ್‌ಎಂ) ಕೈಯಲ್ಲಿದೆ.

ಕಾರ್ಡು ತಯಾರಿ

ಪ್ಲಿಕರ್ಸ್ ಜಾಲತಾಣದಲ್ಲಿ 40 ಕಾರ್ಡುಗಳ ಕಟ್ಟು ಉಚಿತವಾಗಿ ಸಿಗುತ್ತದೆ. ಎ4 ಹಾಳೆಗೆ ಎರಡರಂತೆ 20 ಹಾಳೆ. ಪ್ರತಿ ಕಾರ್ಡಿನ ಮಧ್ಯೆ ಕಪ್ಪು ಗುರುತು, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಹಿಡಿಯಬೇಕು. ಗುರುತುಗಳು ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ಪಕ್ಕದವರ ಕಾರ್ಡು ನೋಡಿ ಕಾಪಿ ಹೊಡೆಯುವುದು ಸುಲಭವಲ್ಲ.

ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಬೆಳಕು ಪ್ರತಿಫಲಿಸಿ ಕ್ಯಾಮೆರಾಕ್ಕೆ ಗುರುತು ಕಾಣುವುದಿಲ್ಲ. ಬರೀ ಹಾಳೆಯಾದರೆ ಫ್ಯಾನ್ ಗಾಳಿಗೆ ಬಾಗುತ್ತದೆ. ಹಳೆಯ ಮದುವೆ ಪತ್ರಿಕೆಯ ರಟ್ಟಿಗೆ ಅಂಟಿಸುವುದೇ ಒಳ್ಳೆಯದು, ಅದಕ್ಕೆ ನಮ್ಮಲ್ಲಿ ಯಾವ ಮನೆಯಲ್ಲೂ ಬರವಿಲ್ಲ! ಹಾಜರಿ ಪುಸ್ತಕದ ಕ್ರಮಸಂಖ್ಯೆಯೇ ಕಾರ್ಡಿನ ಸಂಖ್ಯೆಯಾಗಲಿ. ನಡುವೆ ಸೇರಿದ ಮಗುವಿಗೆ ಕೊನೆಯ ಸಂಖ್ಯೆ ಕೊಡಿ. ಎಲ್ಲರದ್ದನ್ನೂ ಬದಲಿಸಿದರೆ ಹಿಂದಿನ ದಾಖಲೆ ಕಲಸಿಹೋಗುತ್ತದೆ.

ಪ್ರಶ್ನೆ ಬರೆಯುವಾಗ

ಇಡೀ ಕೆಲಸದ ಜೀವ ಇರುವುದು ಇಲ್ಲೇ. ತಪ್ಪು ಆಯ್ಕೆಗಳು ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಾಗಿರಬೇಕು. ಉದಾಹರಣೆಗೆ: 0.5, 0.45, 0.405, 0.054 ಇವುಗಳಲ್ಲಿ ದೊಡ್ಡದು ಯಾವುದು? 0.405 ಎಂದವರು ಬಿಂದುವನ್ನು ಮರೆತು ‘ನಾಲ್ಕುನೂರ ಐದು’ ಎಂದು ಓದಿಕೊಂಡಿದ್ದಾರೆ. ಅವರಿಗೆ ಬೇಕಿರುವುದು ಇನ್ನಷ್ಟು ಲೆಕ್ಕಗಳಲ್ಲ, ಸ್ಥಾನಬೆಲೆಯ ಪಾಠ. ಒಂದು ಪಿರಿಯಡ್‌ಗೆ ಇಂಥ ಮೂರು ಪ್ರಶ್ನೆ ಸಾಕು.

ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಪ್ಲಿಕರ್ಸ್‌ಗೆ ನೇರ ಅಂಟಿಸಿದರೆ ಅಕ್ಷರಗಳು ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪ್ರಶ್ನೆಗಳನ್ನು ಹಿಂದಿನ ದಿನವೇ ಸೇರಿಸಿಡಿ. ತರಗತಿಯಲ್ಲೂ ಮೊಬೈಲ್ ಡೇಟಾ ಬೇಕು, ಟವರ್ ಸಿಗುವ ಕೋಣೆ ಯಾವುದೆಂದು ಮೊದಲೇ ನೋಡಿಟ್ಟಿರಿ.

ತರಗತಿಯಲ್ಲಿ

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರೂ ನಡೆಯುತ್ತದೆ. ಶಕ್ತಿನಗರದಲ್ಲಿ ವಿದ್ಯುತ್ ತಯಾರಾಗುವ ರಾಯಚೂರು ಜಿಲ್ಲೆಯಲ್ಲೂ ಕರೆಂಟ್ ಹೋಗುವುದು ಹೊಸದಲ್ಲವಲ್ಲ. ಒಂದು ನಿಮಿಷ ಮೌನವಾಗಿ ಯೋಚಿಸಲು ಬಿಡಿ, ನಂತರ ಕಾರ್ಡು ಎತ್ತಿಸಿ, ಆ್ಯಪ್ ತೆರೆದ ಫೋನಿನ ಕ್ಯಾಮೆರಾವನ್ನು ಮಕ್ಕಳತ್ತ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ಕೆಲವರ ಉತ್ತರ ದಾಖಲಾಗದಿದ್ದರೆ ಬಹುಪಾಲು ಸಲ ಬೆರಳು ಕಪ್ಪು ಗುರುತಿನ ಮೇಲಿರುತ್ತದೆ, ಇಲ್ಲವೇ ಮಕ್ಕಳ ಬೆನ್ನಿಗೆ ಕಿಟಕಿಯ ಬಿಸಿಲಿರುತ್ತದೆ. ಕಿಟಕಿ ನಿಮ್ಮ ಬೆನ್ನಿಗಿರುವಂತೆ ನಿಲ್ಲಿ.

ಮುಂದೇನು ಮಾಡಬೇಕೆಂಬುದಕ್ಕೆ ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಕ್ರಮ ಚೆನ್ನಾಗಿದೆ. ಸರಿ ಉತ್ತರ ಶೇ 30ಕ್ಕಿಂತ ಕಡಿಮೆಯಿದ್ದರೆ ಪಾಠ ಮತ್ತೆ ಮಾಡಿ. 30ರಿಂದ 70ರೊಳಗಿದ್ದರೆ ಉತ್ತರ ಹೇಳಬೇಡಿ; ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ಎರಡು ನಿಮಿಷ ವಾದಿಸಲು ಬಿಟ್ಟು ಮತ್ತೆ ಕಾರ್ಡು ಎತ್ತಿಸಿ. 70 ದಾಟಿದರೆ ಚುಟುಕಾಗಿ ವಿವರಿಸಿ ಮುಂದೆ ಸಾಗಿ. ಗದ್ದಲವಾಗುತ್ತದೆ, ಆಗಲಿ.

ಎಚ್‌ಎಂ ಮಾಡಬೇಕಾದ್ದು

ಒಂದು ತರಗತಿ, ಒಂದು ವಿಷಯ, ವಾರಕ್ಕೊಂದು ಪಿರಿಯಡ್ ಎಂದು ವೇಳಾಪಟ್ಟಿಯಲ್ಲೇ ಬರೆಯಿಸಿ. ಆ 40 ನಿಮಿಷ ಆ ಶಿಕ್ಷಕರನ್ನು ಎಸ್‌ಎಟಿಎಸ್ (ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ) ಎಂಟ್ರಿಗೋ ತುರ್ತು ಮಾಹಿತಿ ಕಳಿಸಲಿಕ್ಕೋ ಕರೆಯಬಾರದು. ಯೋಜನೆ ಸಾಯುವುದು ಸಾಮಾನ್ಯವಾಗಿ ಹೀಗೆಯೇ. ಡೇಟಾ ಖರ್ಚನ್ನು ಶಿಕ್ಷಕರ ಜೇಬಿಗೆ ಬಿಡದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಟ್ಟು ಒಪ್ಪಿಗೆ ಪಡೆಯಿರಿ.

ಫಲಿತಾಂಶವನ್ನು ಅಂಕವಾಗಿಸಬೇಡಿ, ಶಿಕ್ಷಕರಿಗೆ ನೋಟಿಸ್ ಕೊಡಲೂ ಬಳಸಬೇಡಿ. ಭಯ ಬಂದರೆ ಮಕ್ಕಳು ಜಾಣರ ಕಾರ್ಡಿನ ದಿಕ್ಕು ಹುಡುಕುತ್ತಾರೆ, ಶಿಕ್ಷಕರು ಸುಲಭ ಪ್ರಶ್ನೆ ಹುಡುಕುತ್ತಾರೆ. ಪ್ಲಿಕರ್ಸ್ ಅನ್ನು ಟಿವಿ ಪರದೆಗೆ ಜೋಡಿಸಿದ್ದರೆ ಸರಿ-ತಪ್ಪು ಹೆಸರುಗಳು ಮಕ್ಕಳಿಗೆ ಕಾಣದಿರಲಿ.

ಶನಿವಾರ ಶಾಲೆ ಬಿಟ್ಟ ಮೇಲೆ ಆ್ಯಪ್‌ನ ವರದಿಯನ್ನು ಶಿಕ್ಷಕರ ಜೊತೆ ಹತ್ತು ನಿಮಿಷ ನೋಡಿ. ಉತ್ತರವೇ ದಾಖಲಾಗದ ಕಾರ್ಡು ಸಂಖ್ಯೆಗಳನ್ನು ಗಮನಿಸಿ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ, ಮನೆಯವರು ಗುಳೆ ಹೋಗುವ ಹೊತ್ತಿನಲ್ಲಿ ಒಂದೇ ಸಂಖ್ಯೆ ಎರಡು ವಾರ ಖಾಲಿ ಕಂಡರೆ ಮೂರನೇ ವಾರಕ್ಕೆ ಕಾಯದೆ ಮನೆಗೆ ಫೋನ್ ಮಾಡಿ.

ಇನ್ನೊಂದು ವಿಷಯಕ್ಕೆ ವಿಸ್ತರಿಸುವುದಿದ್ದರೆ ದಸರಾ ರಜೆ ಮುಗಿದ ಮೇಲೆ ಶುರುಮಾಡಿ. ಅವೇ ಕಾರ್ಡು, ಅವೇ ಸಂಖ್ಯೆ ನಡೆಯುತ್ತವೆ, ಹೊಸದಾಗಿ ಮುದ್ರಿಸಬೇಕಿಲ್ಲ.