ಐಬಿಎಸ್‌ಗೆ ಅಕ್ಯುಪಂಕ್ಚರ್: ಡೈರಿ ಮೊದಲು, ಸೂಜಿ ಆಮೇಲೆ

ಹೊಟ್ಟೆ ಉಬ್ಬರ, ನೋವು, ಮೋಷನ್ ಸರಿಯಿಲ್ಲ ಎಂದು ಬರುವವರಲ್ಲಿ ಹೆಚ್ಚಿನವರು ಅದನ್ನು ‘ಗ್ಯಾಸ್ಟ್ರಿಕ್’ ಎಂದೇ ಕರೆಯುತ್ತಾರೆ. ಅದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಹೌದೋ ಅಲ್ಲವೋ ಇತ್ಯರ್ಥವಾಗುವ ತನಕ ನಾನು ಸೂಜಿಯ ಪೊಟ್ಟಣ ಒಡೆಯುವುದಿಲ್ಲ. ಐಬಿಎಸ್ ಗುರುತಿಸಲು ವೈದ್ಯರು ಬಳಸುವ 2016ರ ರೋಮ್-4 ಮಾನದಂಡದ ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ಹೊಟ್ಟೆನೋವು ಇರಬೇಕು. ಜೊತೆಗೆ ಈ ಮೂರರಲ್ಲಿ ಎರಡಾದರೂ ಸೇರಬೇಕು: ನೋವಿಗೂ ಮಲವಿಸರ್ಜನೆಗೂ ನಂಟು, ಎಷ್ಟು ಸಲ ಹೋಗುತ್ತದೆ ಎಂಬುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ. ತೊಂದರೆ ಶುರುವಾಗಿ 6 ತಿಂಗಳಾಗಿರಬೇಕು. ನೋವಿಲ್ಲದೆ ಬರೀ ಉಬ್ಬರ ಇದ್ದರೆ ಅದು ಐಬಿಎಸ್ ಅಲ್ಲ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಂಡ ಲಕ್ಷಣ, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದದ್ದು: ಇವುಗಳಲ್ಲಿ ಒಂದಿದ್ದರೂ ಮೊದಲು ಹೊಟ್ಟೆ ಡಾಕ್ಟರ ಬಳಿ ಕಳಿಸಬೇಕು. ನಮ್ಮಲ್ಲಿ ಕರುಳಿನ ಟಿಬಿ, ಅಮೀಬಾ, ಜಿಯಾರ್ಡಿಯಾ ಇವೆಲ್ಲ ಐಬಿಎಸ್ ವೇಷದಲ್ಲೇ ಬರುತ್ತವೆ. ಸೂಜಿಯಿಂದ ನೋವು ಸ್ವಲ್ಪ ತಗ್ಗಿ, ರೋಗಿ ಪರೀಕ್ಷೆಯನ್ನು ಮುಂದೂಡಿದರೆ ಆಗುವ ನಷ್ಟ ದೊಡ್ಡದು.

ಆಮೇಲೆ 2 ವಾರದ ಡೈರಿ. ದಿನಕ್ಕೆ ನಾಲ್ಕೇ ಕಾಲಂ: ನೋವು 0ರಿಂದ 10ರೊಳಗೆ ಎಷ್ಟು, ಎಷ್ಟು ಸಲ ಹೋದರು, ಮಲದ ರೂಪವನ್ನು ಚಿತ್ರದಲ್ಲಿ ತೋರಿಸುವ ಬ್ರಿಸ್ಟಲ್ ಪಟ್ಟಿಯ 1ರಿಂದ 7ರಲ್ಲಿ ಯಾವ ನಂಬರ್, ಏನು ತಿಂದರು. ಬ್ರಿಸ್ಟಲ್ ಚಿತ್ರವನ್ನು ಪ್ರಿಂಟ್ ಹಾಕಿ ಕೊಡಿ. ‘ಲೂಸ್’ ಎಂಬ ಮಾತು ಒಬ್ಬರಿಗೆ 5, ಇನ್ನೊಬ್ಬರಿಗೆ 7. ಜೊತೆಗೆ ಐಬಿಎಸ್ ತೀವ್ರತೆಯ ಪ್ರಶ್ನಾವಳಿ ತುಂಬಿಸುತ್ತೇನೆ. ಅದರ ಒಟ್ಟು ಅಂಕ 500. 175ರೊಳಗಿದ್ದರೆ ಸೌಮ್ಯ, 300 ಮೀರಿದರೆ ತೀವ್ರ. 50 ಅಂಕ ಇಳಿದರೆ ಮಾತ್ರ ಸುಧಾರಣೆ ಎಂದು ಲೆಕ್ಕ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಬಿಡಿಸುವ ಪಥ್ಯವನ್ನು ಸೂಜಿಯ ಜೊತೆಗೇ ಶುರು ಮಾಡಬೇಡಿ. ಮಾಡಿದರೆ ಯಾವುದರಿಂದ ಗುಣ ಕಂಡಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಸೂಜಿ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದ, ಒಂದೇ ಸಲ ಬಳಸುವಂಥದ್ದು. ರೋಗಿ ಅಂಗಾತ ಮಲಗಿ ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಬೇಕು. ಕಾಲು ಚಾಚಿ ಮಲಗಿದರೆ ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಸೂಜಿ ನೋಯುತ್ತದೆ. ಸೂಜಿ ಹಾಕುವ ಬಿಂದುಗಳನ್ನು ಗುರುತಿಸುವ ಅಳತೆಯ ಮಾನ ಚುನ್: ರೋಗಿಯದೇ ಹೆಬ್ಬೆರಳಿನ ಅಗಲ 1 ಚುನ್, ಜೋಡಿಸಿದ ನಾಲ್ಕು ಬೆರಳಿನ ಅಗಲ 3 ಚುನ್. ನಮ್ಮ ಬೆರಳಿನಲ್ಲಿ ಅಳೆದರೆ ಬಿಂದು ತಪ್ಪುತ್ತದೆ.

ಎಸ್‌ಟಿ, ಎಸ್‌ಪಿ, ಎಲ್‌ಆರ್ ಎಂಬವು ಬಿಂದುಗಳ ಸಂಕೇತನಾಮ. ಮುಖ್ಯ ಬಿಂದು ಎಸ್‌ಟಿ-36. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ತಗ್ಗಿನಿಂದ 3 ಚುನ್ ಇಳಿದು, ಕಣಕಾಲ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. 25 ಮಿ.ಮೀ.ನಷ್ಟು ಆಳ. ಸೂಜಿ ಗಟ್ಟಿಯಾಗಿ ತಡೆದರೆ ಮೂಳೆಗೆ ತಾಗಿದೆ ಎಂದರ್ಥ, ಹೊರಕ್ಕೆ ಸರಿಸಿ ಮತ್ತೆ ಹಾಕಬೇಕು. ಪಾದದ ಮೇಲ್ಭಾಗದವರೆಗೆ ಕರೆಂಟ್ ಹೊಡೆದಂತಾದರೆ ನರಕ್ಕೆ ತಾಗಿದೆ. ಅಲ್ಲಿ ತಿರುಗಿಸುವುದು ಬೇಡ, ಸ್ವಲ್ಪ ಹಿಂದಕ್ಕೆಳೆಯಿರಿ. ನಮಗೆ ಬೇಕಾದದ್ದು ಭಾರ, ಸೆಳೆತ, ಜೋಮು ಹಿಡಿದಂಥ ಅನುಭವ. ಅದರಿಂದ ಇನ್ನೂ 3 ಚುನ್ ಕೆಳಗೆ ಎಸ್‌ಟಿ-37. ಚೀನೀ ವೈದ್ಯದಲ್ಲಿ ದೊಡ್ಡ ಕರುಳಿನ ಬಿಂದು ಎಂದು ಹೆಸರಾದದ್ದು.

ಹೊಕ್ಕುಳಿನಿಂದ ಎರಡೂ ಬದಿಗೆ 2 ಚುನ್ ದೂರದಲ್ಲಿ ಎಸ್‌ಟಿ-25. ಎಚ್ಚರ ಹೆಚ್ಚು ಬೇಕಾದದ್ದು ಇಲ್ಲೇ. ಐಬಿಎಸ್‌ನವರಲ್ಲಿ ತೆಳ್ಳಗಿನವರು ಬಹಳ. ಅವರಿಗೆ 15 ಮಿ.ಮೀ. ಸಾಕು. ಪಠ್ಯದಲ್ಲಿ ಬರೆದ ಆಳವನ್ನು ಎಲ್ಲರಿಗೂ ಹಾಕಿದರೆ ಸೂಜಿ ಹೊಟ್ಟೆಯ ಗೋಡೆ ದಾಟುತ್ತದೆ. ಒಳಗಾಲಿನ ಹರಡಿನಿಂದ 3 ಚುನ್ ಮೇಲೆ, ಮೂಳೆಯ ಹಿಂದಿರುವ ಎಸ್‌ಪಿ-6, ಪಾದದ ಮೇಲೆ ಮೊದಲ ಎರಡು ಬೆರಳುಗಳ ಮೂಳೆಗಳ ನಡುವಿನ ಎಲ್‌ಆರ್-3 ಇವನ್ನು ಆಮೇಲೆ ಸೇರಿಸುತ್ತೇನೆ. ಗರ್ಭಿಣಿಯರಿಗೆ ಎಸ್‌ಪಿ-6 ಮತ್ತು ಹೊಟ್ಟೆಯ ಬಿಂದುಗಳನ್ನು ಬಿಡುತ್ತೇನೆ. ಮೊದಲ ದಿನ 6 ಸೂಜಿ ಮಾತ್ರ, ಮುಂದೆ 10ರವರೆಗೆ. 25 ನಿಮಿಷ ಇಟ್ಟು, ನಡುವೆ ಒಮ್ಮೆ ಮೆಲ್ಲನೆ ತಿರುಗಿಸುತ್ತೇನೆ. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ನಾರು ಸುತ್ತಿಕೊಂಡು ಸೂಜಿ ಕಚ್ಚುತ್ತದೆ. ಆಗ ಎಳೆಯಬಾರದು, ಉಲ್ಟಾ ತಿರುಗಿಸಿ, ಸುತ್ತಲಿನ ಜಾಗ ನೀವಿ, 2 ನಿಮಿಷ ಕಾದರೆ ತಾನೇ ಬಿಡುತ್ತದೆ.

ಭೇದಿಗೆ ಹೆದರಿ ಬೆಳಗ್ಗೆಯಿಂದ ಏನೂ ತಿನ್ನದೆ ಬರುವವರು ಬಹಳ. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿದರೆ ತಲೆಸುತ್ತು, ಬೆವರು, ವಾಕರಿಕೆ. ಹಾಗಾದರೆ ಎಲ್ಲ ಸೂಜಿ ತೆಗೆದು ಕಾಲು ಎತ್ತರಿಸಿ ಮಲಗಿಸಬೇಕು. ಒಂದು ಗಂಟೆ ಮುಂಚೆ ಎರಡು ಇಡ್ಲಿಯೋ ಗಂಜಿಯೋ ತಿಂದು ಬರಲು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ 2 ನಿಮಿಷ ಒತ್ತಿ ಹಿಡಿಯಿರಿ. ಬಳಸಿದ ಸೂಜಿ ಎಣಿಸಿಯೇ ತೆಗೆಯುವುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೇ ಹೋಗಬೇಕು.

ಫಲಿತಾಂಶದ ಬಗ್ಗೆ ರೋಗಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. 2020ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ 531 ಮಂದಿಗೆ 6 ವಾರದಲ್ಲಿ 18 ಸಲ ಸೂಜಿ, ಇಲ್ಲವೇ ಔಷಧ ಕೊಟ್ಟಾಗ, ಸೂಜಿಯ ಗುಂಪಿನಲ್ಲಿ ತೀವ್ರತೆಯ ಅಂಕ ಸುಮಾರು 124 ಇಳಿಯಿತು, ಔಷಧದ ಗುಂಪಿನಲ್ಲಿ ಸುಮಾರು 95. ಆದರೆ ತಮಗೆ ಯಾವ ಚಿಕಿತ್ಸೆ ಎಂಬುದು ರೋಗಿಗಳಿಗೆ ಗೊತ್ತಿತ್ತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಅಧ್ಯಯನಗಳನ್ನು ನೋಡಿ, ಹುಸಿ ಸೂಜಿಗಿಂತ (ನಿಜ ಚಿಕಿತ್ಸೆಯಂತೆ ತೋರುವ ನಟನೆಯ ಸೂಜಿ) ನಿಜ ಸೂಜಿ ಮೇಲು ಎಂಬುದು ಕಾಣಲಿಲ್ಲ ಎಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ ಕೂಡ ಐಬಿಎಸ್‌ಗೆ ಇದನ್ನು ಪ್ರೋತ್ಸಾಹಿಸುವುದಿಲ್ಲ. ನನ್ನ ಕೆಲಸದ ರೀತಿಯನ್ನು ಬದಲಿಸಿದ್ದು 2008ರ ಹಾರ್ವರ್ಡ್ ಅಧ್ಯಯನ. 262 ಮಂದಿಯಲ್ಲಿ ಚಿಕಿತ್ಸೆಯಿಲ್ಲದೆ ಬರೀ ಕಾದವರಲ್ಲಿ ಶೇ. 28, ಮಾತಿಲ್ಲದೆ ಹುಸಿ ಸೂಜಿ ಪಡೆದವರಲ್ಲಿ ಶೇ. 44, ಸಾವಧಾನದ ಮಾತುಕತೆಯೊಂದಿಗೆ ಹುಸಿ ಸೂಜಿ ಪಡೆದವರಲ್ಲಿ ಶೇ. 62 ಮಂದಿಗೆ ಸಾಕೆನಿಸುವ ಉಪಶಮನ ಸಿಕ್ಕಿತು. ಅಲ್ಲಿಂದ ಮೊದಲ ಭೇಟಿಗೆ 45 ನಿಮಿಷ ಇಟ್ಟಿದ್ದೇನೆ. ಕರುಳಿಗೂ ಮಿದುಳಿಗೂ ಇರುವ ನಂಟು ಈ ಕಾಯಿಲೆಯ ಒಂದು ಬೇರು. ಮಾತಿನಿಂದ ಸಿಗುವ ನೆಮ್ಮದಿಯನ್ನು ಸುಳ್ಳು ಗುಣ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಗೆಂದು ಡಾಕ್ಟರು ಬರೆದ ಮಾತ್ರೆಯನ್ನು ಎಂದೂ ಬಿಡಿಸುವುದಿಲ್ಲ.

ಮೊದಲ 3 ವಾರ ವಾರಕ್ಕೆ 2 ಸಲ. 6ನೇ ಸಲ ಮುಗಿದ ಮೇಲೆ ಪ್ರಶ್ನಾವಳಿಯನ್ನು ಮತ್ತೆ ತುಂಬಿಸಿ, ಹಳೆಯದರ ಪಕ್ಕದಲ್ಲಿಟ್ಟು ರೋಗಿಗೇ ತೋರಿಸುತ್ತೇನೆ. 50 ಅಂಕ ಇಳಿದಿದ್ದರೆ ವಾರಕ್ಕೊಮ್ಮೆಯಂತೆ ಇನ್ನು 4 ಸಲ. ಇಳಿಯದಿದ್ದರೆ ‘ಇನ್ನೊಂದು ಹತ್ತು ಸಿಟ್ಟಿಂಗ್ ನೋಡೋಣ’ ಎನ್ನದೆ ಅಲ್ಲಿಗೇ ನಿಲ್ಲಿಸಿ, ಡೈರಿಯ ಪ್ರತಿಯೊಂದಿಗೆ ಆಹಾರ ತಜ್ಞರ ಬಳಿ ಕಳಿಸುತ್ತೇನೆ. ಆ 5 ವಾರದ ಡೈರಿ ಅವರಿಗೆ ಪಥ್ಯ ಹೊಂದಿಸಲು ನೇರವಾಗಿ ಉಪಯೋಗಕ್ಕೆ ಬರುತ್ತದೆ.