ಕ್ಯಾಶುಯಲ್ಟಿಯಲ್ಲಿ ಮೊಬೈಲ್ ಪಾಠ: ನನ್ನ ಅನುಭವ

"ಮೊಬೈಲ್ ನೋಡ್ಕೊಂಡು ಎಮರ್ಜೆನ್ಸಿ ಕಲಿಯೋದಾದ್ರೆ ನಾವೆಲ್ಲ ಯಾಕ್ರೀ ಇರೋದು?" ಎಂದು ಮೆಡಿಸಿನ್ ವಿಭಾಗದ ಹಿರಿಯರೊಬ್ಬರು ನಕ್ಕಿದ್ದರು. ಈಗ ಅವರ ಪಿಜಿ ವಿದ್ಯಾರ್ಥಿಗಳೂ ಎಮರ್ಜೆನ್ಸಿ ಕಲಿಯುವ ನಮ್ಮ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಅದಕ್ಕೇ ಬರೆಯುವ ಧೈರ್ಯ.

ನಮ್ಮದು ಜಿಲ್ಲಾ ಕೇಂದ್ರದ ಆಸ್ಪತ್ರೆ. ಇಂಟರ್ನ್‌ಗಳು ಬರುತ್ತಾರೆ, ಹೋಗುತ್ತಾರೆ. ಡ್ಯೂಟಿ ಡಾಕ್ಟರುಗಳು ಕೈಗೆ ಬರುವಷ್ಟರಲ್ಲಿ ನೀಟ್ ಪಿಜಿ ಓದಲು ರಜೆ ಹಾಕಿರುತ್ತಾರೆ.

ಮೊದಲು ದುಡ್ಡು ಸುರಿದೆವು. ವಿದೇಶದ ಒಂದು ವಿಡಿಯೊ ಕೋರ್ಸಿಗೆ ಎಲ್ಲರ ಹೆಸರಲ್ಲೂ ಚಂದಾ. ವಿಭಾಗದ್ದು ಸ್ವಲ್ಪ, ನನ್ನ ಜೇಬಿನದು ಉಳಿದದ್ದು, ಒಟ್ಟು ಐವತ್ತು ಸಾವಿರದ ಆಸುಪಾಸು. ಎರಡು-ಮೂರು ತಿಂಗಳಲ್ಲಿ ಲಾಗಿನ್ ಆಗುವವರು ಇಬ್ಬರೋ ಮೂವರೋ ಉಳಿದರು. ಆಮೇಲೆ ರಾತ್ರಿ ಎಂಟಕ್ಕೆ ಝೂಮ್ ಕ್ಲಾಸ್. ಒಬ್ಬ ಮೈಕ್ ಆಫ್ ಮಾಡಲು ಮರೆತಿದ್ದ, ಸೆಪ್ಸಿಸ್ ಪಾಠದ ನಡುವೆ ಗೊರಕೆ ಕೇಳಿಸಿತು. ನೈಟ್ ಡ್ಯೂಟಿ ಮುಗಿಸಿದ ಹುಡುಗ, ಬೈಯಲೂ ಮನಸ್ಸಾಗಲಿಲ್ಲ. ಪಿಡಿಎಫ್ ತುಂಬಿದ ಡ್ರೈವ್ ಫೋಲ್ಡರಂತೂ ಯಾರೂ ತೆರೆಯಲಿಲ್ಲ.

ಕೊನೆಗೆ ಹಿಡಿದದ್ದು ಇಷ್ಟೇ: ಹಿಂದಿನ ರಾತ್ರಿ ಬಂದ ಒಂದು ಕೇಸು. ಹೆಸರು, ಐಪಿ ನಂಬರ್ ಮುಚ್ಚಿದ ಇಸಿಜಿ ಬೆಳಿಗ್ಗೆ ವಾಟ್ಸಾಪ್‌ಗೆ ಬೀಳುತ್ತದೆ. ಉತ್ತರ ನಾನು ಹೇಳುವುದಿಲ್ಲ. ಸಂಜೆಯೊಳಗೆ ಅವರು ವಾಯ್ಸ್ ಮೆಸೇಜ್ ಹಾಕಬೇಕು. ಆಮೇಲಷ್ಟೇ 'ಲೈಫ್ ಇನ್ ದಿ ಫಾಸ್ಟ್ ಲೇನ್' ಎಂಬ ವೆಬ್ ತಾಣದ ಇಸಿಜಿ ಲೈಬ್ರರಿಯ ಅದೇ ವಿಷಯದ ಪುಟ ಕಳಿಸುತ್ತೇನೆ. ಅದಕ್ಕೆ ಕಾಸು ಕೊಡಬೇಕಿಲ್ಲ. ಮರುದಿನ ಹ್ಯಾಂಡೋವರ್ ಆದಮೇಲೆ ಹತ್ತು ನಿಮಿಷ ಕೈಕೆಲಸ. ಎದೆಯ ಮುಂಭಾಗದ ಇಸಿಜಿ ಲೀಡ್ (ತಂತಿ) ವಿ1ರಿಂದ ವಿ3ವರೆಗೆ ಎಸ್‌ಟಿ ಗೆರೆ ಕೆಳಗಿಳಿದ ಕೇಸಾದರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ವಿ7, ವಿ8, ವಿ9 ಲೀಡ್ ಹಚ್ಚಬೇಕು. ನಾಲ್ಕೈದು ತಿಂಗಳಾದಮೇಲೆ ಒಬ್ಬ ಇಂಟರ್ನ್ ನಸುಕಿನಲ್ಲಿ ತಾನೇ ಬೆನ್ನಿನ ಲೀಡ್ ತೆಗೆದು, ನನಗೆ ಫೋನ್ ಮಾಡುವ ಮೊದಲೇ ಕಾರ್ಡಿಯಾಲಜಿಯವರನ್ನು ಎಬ್ಬಿಸಿದ್ದಳು. ಪೋಸ್ಟೀರಿಯರ್ ಎಂಐ, ಅಂದರೆ ಹೃದಯದ ಹಿಂಭಾಗದ ಹೃದಯಾಘಾತ, ನಿಜವೇ ಆಗಿತ್ತು. ಅವತ್ತು ನನ್ನ ಎದೆ ಸ್ವಲ್ಪ ಉಬ್ಬಿತ್ತು ಅಂತಲೇ ಇಟ್ಟುಕೊಳ್ಳಿ.

ಗುಂಪಿನಲ್ಲಿ ಬಾಯಿ ಬಿಡದವರನ್ನು ಮಾತಾಡಿಸಲು ನನ್ನದೊಂದು ಉಪಾಯವಿದೆ. ಇಲ್ಲಿ ಹೇಳುವುದಿಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಹೊರಗಿನ ಸಾಮಗ್ರಿ ಕೈಕೊಡುವುದು ವಿಷ ಮತ್ತು ಹಾವಿನ ವಿಷಯದಲ್ಲಿ. ಅವರಲ್ಲಿ ಪ್ಯಾರಸಿಟಮಾಲ್ ಹೆಚ್ಚಾಗಿ ನುಂಗಿದವರ ಬಗ್ಗೆ ಪುಟಗಟ್ಟಲೆ ಇದೆ, ನಮ್ಮಲ್ಲಿ ಬರುವವರು ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು. ಹಾಗಾಗಿ ನಾನೇ ಕನ್ನಡದಲ್ಲಿ ಮೂರ್ನಾಲ್ಕು ನಿಮಿಷದ ಆಡಿಯೊ ಮಾಡಿದೆ, ಸಿಸ್ಟರ್‌ಗಳಿಗೂ ಕಳಿಸಿದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವರಿಗೆ ಕೊಡುವ ಅಟ್ರೋಪಿನ್ ಲೆಕ್ಕ ಆಂಪ್ಯೂಲ್‌ನಲ್ಲೇ: 0.6 ಮಿಲಿಗ್ರಾಮಿನವು ಮೂರು, ಐದು ನಿಮಿಷ ಬಿಟ್ಟು ಆರು, ಆಮೇಲೆ ಹನ್ನೆರಡು, ಎದೆಯ ಗೊರಗೊರ ನಿಲ್ಲುವವರೆಗೆ. ಪ್ಯೂಪಿಲ್ (ಕಣ್ಣಿನ ಪಾಪೆ) ನೋಡಿಕೊಂಡು ಕೂರಬೇಡಿ ಎಂದು ಎರಡು ಸಲ ಹೇಳಿದ್ದೇನೆ. ಹಾವು ಕಚ್ಚಿದವರಿಗೆ ಇಪ್ಪತ್ತು ನಿಮಿಷದ ಗಾಜಿನ ಟ್ಯೂಬ್ ಟೆಸ್ಟ್: ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುವುದು. ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಬಂದು ರೆಪ್ಪೆ ಇಳಿದಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ಕಟ್ಟುಹಾವು ನೆನಪಾಗಬೇಕು. ಎಲ್ಲಕ್ಕಿಂತ ಹೆಚ್ಚು ಫಾರ್ವರ್ಡ್ ಆದದ್ದು ಈ ಆಡಿಯೊಗಳೇ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಉಸಿರು ಕಟ್ಟಿದಾಗ ಗಂಟಲು ಕೊಯ್ದು ದಾರಿ ಮಾಡುವ 'ಕ್ರೈಕೋ' ವಿಡಿಯೊ ನೋಡಿದ ದಿನ ಮಟನ್ ಅಂಗಡಿಯಿಂದ ಕುರಿಯ ಗಂಟಲು ತರಿಸಿದೆವು, ಒಂದಕ್ಕೆ ಇಪ್ಪತ್ತೋ ಮೂವತ್ತೋ ರೂಪಾಯಿ. ಅಂಗಡಿಯವನಿಗೆ ಇವತ್ತಿಗೂ ನಮ್ಮ ಮೇಲೆ ಅನುಮಾನ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಚುಚ್ಚುವ ಅಭ್ಯಾಸಕ್ಕೆ ಜಿಲೆಟಿನ್‌ನಲ್ಲಿ ನೀರು ತುಂಬಿದ ಬಲೂನು ಹುದುಗಿಸಿದೆವು. ಇಸಬ್‌ಗೋಲ್ ಬೆರೆಸಿದರೆ ಪರದೆಯ ಮೇಲೆ ಮಾಂಸದಂತೆಯೇ ಕಾಣುತ್ತದೆ. ಎಷ್ಟು ಬೆರೆಸಬೇಕೆಂದು ನೀವೇ ಒಂದೆರಡು ಬಟ್ಟಲು ಕೆಡಿಸಿ ಕಲಿಯಿರಿ. ಎರಡನೇ ದಿನಕ್ಕೆ ನಾರುತ್ತದೆ, ಫ್ರಿಜ್ ಬೇಕು.

ಈಗ ತಿಂಗಳ ಖರ್ಚು ಐನೂರರ ಒಳಗೆ. ಮಕ್ಕಳ ಕೇಸಿಗೆ ಮಾತ್ರ ಈ ಪದ್ಧತಿ ಇನ್ನೂ ಹೊಂದಿಲ್ಲ. ತೂಕದ ಮೇಲಿನ ಡೋಸು ವಾಯ್ಸ್ ಮೆಸೇಜಿನಲ್ಲಿ ತಲೆಯಲ್ಲಿ ನಿಲ್ಲುವುದಿಲ್ಲ. ಸದ್ಯಕ್ಕೆ ಚಾರ್ಟ್ ಮಾಡಿ ತುರ್ತು ಔಷಧಿಯ ಗಾಡಿ, ಅಂದರೆ ಕ್ರ್ಯಾಶ್ ಕಾರ್ಟ್‌ಗೆ ಅಂಟಿಸಿದ್ದೇವೆ.